ಕೊಡುವ ಮೊದಲು ಒಮ್ಮೆ ಕೇಳಿ, ಕೊಟ್ಟ ಮೇಲೆ ಇನ್ನೊಮ್ಮೆ ಬನ್ನಿ

ಶಿವಮೊಗ್ಗ ಜಿಲ್ಲೆಯ ಸೇವಾ ಸಂಘ ಸಂಸ್ಥೆಗಳ ಪದಾಧಿಕಾರಿಗಳಿಗೆ,
ಬೆಂಗಳೂರಿನಲ್ಲಿದ್ದುಕೊಂಡು ಊರಿಗೆ ನೆರವಾಗುತ್ತಿರುವ ಮಲೆನಾಡಿನವರಿಗೆ,
ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ,

ಮಾನ್ಯರೇ,

ನಿಮಗೆಲ್ಲ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನವಳು. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲೂ ಕೆಲಸ ಮಾಡಿದ್ದೇನೆ. ನೀವು ತಂದ ಬ್ಯಾಗು, ನೋಟ್‌ಬುಕ್ಕು, ಕೊಡೆಗಳನ್ನು ಮಕ್ಕಳು ಎದೆಗೆ ಅವುಚಿಕೊಂಡು ಮನೆಗೆ ಓಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ರಜೆ ಬಿಟ್ಟು, ಸ್ವಂತ ಖರ್ಚಿನಲ್ಲಿ, ಈ ಘಟ್ಟದ ಮಳೆಯಲ್ಲಿ ಇಲ್ಲಿವರೆಗೆ ಬರುವವರು ನೀವು. ನಿಮ್ಮ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ನಿಮ್ಮ ದುಡ್ಡು, ನಿಮ್ಮ ಶ್ರಮ ಊರಲ್ಲಿ ನೆಲೆ ನಿಲ್ಲುತ್ತಿಲ್ಲ. ಅದನ್ನು ನೋಡಿ ಬಹಳ ಕಾಲದಿಂದ ಬೇಸರವಿದೆ. ಈ ಪತ್ರ ಅದಕ್ಕಾಗಿ.

ಮೊದಲು ನಾನು ಕಂಡಿದ್ದನ್ನು ಹೇಳುತ್ತೇನೆ.

ಶಾಲೆಗೆ ದಾನಿಗಳು ಬರುತ್ತಾರೆ ಅಂದರೆ ಹಿಂದಿನ ದಿನದಿಂದಲೇ ಪಾಠ ನಿಂತುಹೋಗುತ್ತದೆ. ಅಂಗಳ ಗುಡಿಸಬೇಕು, ಸ್ವಾಗತಗೀತೆ ಕಲಿಸಬೇಕು, ಶಾಮಿಯಾನ ಹಾಕಿಸಬೇಕು. ಒಂದು ಸಲ ಹತ್ತು ಗಂಟೆಗೆ ಬರುತ್ತೇವೆ ಅಂದವರು ಬಂದಿದ್ದು ಮಧ್ಯಾಹ್ನ ಒಂದೂವರೆಗೆ. ಮಕ್ಕಳು ಅಲ್ಲಿಯವರೆಗೆ ಸಾಲಾಗಿ ಕೂತಿದ್ದರು. ಬಿಸಿಯೂಟ ತಣ್ಣಗಾಗಿತ್ತು. ಒಂದನೇ ತರಗತಿಯ ಒಂದು ಮಗು ಅಲ್ಲೇ ಪಕ್ಕದವಳ ಹೆಗಲಿಗೆ ಒರಗಿ ನಿದ್ದೆ ಹೋಗಿತ್ತು. ಫೋಟೋಗೆ ಅಂತ ಅದನ್ನು ಎಬ್ಬಿಸಿದರು. ಮಗುವಿಗೆ ಬ್ಯಾಗ್ ಕೊಟ್ಟರು, ಕ್ಯಾಮೆರಾ ಸರಿಯಾಗಿ ಹಿಡಿಯಲಿಲ್ಲ ಅಂತ ವಾಪಸ್ ತಗೊಂಡು ಮತ್ತೊಮ್ಮೆ ಕೊಟ್ಟರು. ಮನೆಯಲ್ಲಿ ಅದೇ ವರ್ಷದ ಇನ್ನೊಂದು ಬ್ಯಾಗ್ ಆಗಲೇ ಇತ್ತು.

ಯಾಕೆ ಇತ್ತು ಅಂದರೆ ಆ ಶಾಲೆ ಡಾಂಬರು ರಸ್ತೆಯ ಪಕ್ಕದಲ್ಲಿತ್ತು. ಕಾರು ನಿಲ್ಲಿಸಲು ಜಾಗವಿತ್ತು. ಅಲ್ಲಿಂದ ಒಳಗೆ, ಹಳ್ಳದಾಚೆ ಇನ್ನೊಂದು ಶಾಲೆಯಿತ್ತು. ಮಳೆಗಾಲದಲ್ಲಿ ಅಲ್ಲಿಗೆ ಹೋಗಬೇಕು ಅಂದರೆ ಅಡಿಕೆ ಮರ ಅಡ್ಡ ಹಾಕಿ ಕಟ್ಟಿದ ಕಾಲುಸಂಕ ದಾಟಬೇಕು. ಹಿಡಿದುಕೊಳ್ಳಲು ಒಂದು ಬಿದಿರ ಗಳ, ಕಾಲ ಕೆಳಗೆ ಕೆಂಪು ನೀರು. ಮಳೆ ಜೋರಾದರೆ ತಾಯಂದಿರು ಈ ದಡದಲ್ಲಿ ನಿಂತು ಮಕ್ಕಳು ಆ ದಡ ಸೇರುವವರೆಗೆ ಕಾಯುತ್ತಾರೆ. ಆ ಶಾಲೆಗೆ ನಾನಿರುವಷ್ಟು ಕಾಲ ಯಾವ ದಾನಿಯೂ ಬರಲಿಲ್ಲ. ಅಲ್ಲಿಯ ಮಕ್ಕಳಿಗೆ ಬೇಕಾಗಿದ್ದು ಬ್ಯಾಗ್ ಅಲ್ಲ. ಆ ಹಳ್ಳದ ಮೇಲೆ ಒಂದು ಗಟ್ಟಿ ಸಂಕ, ಕೈ ಹಿಡಿಯಲು ಎರಡೂ ಕಡೆ ಕಂಬಿ. ಅಷ್ಟೇ. ಕೇಳಿದ್ದರೆ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ.

ಪಠ್ಯಪುಸ್ತಕ, ಸಮವಸ್ತ್ರ, ಶೂ, ಊಟ, ಹಾಲು ಎಲ್ಲ ಸರ್ಕಾರದಿಂದ ಬರುತ್ತದೆ. ಕೆಲವೊಮ್ಮೆ ತಡವಾಗುತ್ತದೆ ನಿಜ, ಆದರೆ ಬರುತ್ತದೆ. ಬರದೆ ಇರುವುದು ಬೇರೆ. ಕೆಟ್ಟಿದ್ದನ್ನು ರಿಪೇರಿ ಮಾಡಿಸುವ ದುಡ್ಡು ಬೇಕಾದಾಗ ಬರುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾನು ಕೆಲಸ ಮಾಡಿದ ಒಂದು ಶಾಲೆಗೆ ದಾನಿಗಳು ಕಂಪ್ಯೂಟರ್ ಕೊಟ್ಟರು. ಒಳ್ಳೆಯ ಕಂಪ್ಯೂಟರ್‌ಗಳೇ. ಉದ್ಘಾಟನೆ ದಿನ ಮಕ್ಕಳು ಬಣ್ಣದ ಚಿತ್ರ ಬಿಡಿಸಿ ತೋರಿಸಿದರು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ? ಮರ ಬಿದ್ದು ಲೈನ್ ಹರಿದರೆ ನಾಲ್ಕು ದಿನ ಇಲ್ಲ. ಯುಪಿಎಸ್ ಬ್ಯಾಟರಿ ಎರಡನೇ ಮಳೆಗಾಲಕ್ಕೆ ಸತ್ತಿತು. ಗೋಡೆಯ ತೇವಕ್ಕೆ ಕೀಬೋರ್ಡ್ ಮೇಲೆ ಬೂಷ್ಟು ಬಂತು. ಬ್ಯಾಟರಿ ಹಾಕಿಸಿಕೊಡಿ ಅಂತ ಕೊಟ್ಟವರಿಗೇ ಫೋನ್ ಮಾಡಿದೆವು. ಈ ವರ್ಷದ ಪ್ರಾಜೆಕ್ಟ್ ಬೇರೆ, ನೀರಿನ ಫಿಲ್ಟರ್ ಕೊಡುತ್ತಿದ್ದೇವೆ, ಬೇಕಾದರೆ ಹೇಳಿ ಅಂದರು. ಫಿಲ್ಟರ್ ಬಂತು. ಅದರ ಕ್ಯಾಂಡಲ್ ಬದಲಿಸುವವರು ಯಾರು ಅಂತ ಯಾರೂ ಹೇಳಲಿಲ್ಲ. ಕೊನೆಗೆ ಕಂಪ್ಯೂಟರ್‌ಗೆ ಪ್ಲಾಸ್ಟಿಕ್ ಸುತ್ತಿ, ಫಿಲ್ಟರ್ ಪಕ್ಕಕ್ಕಿಟ್ಟು, ಅಡುಗೆಯವರು ಮೊದಲಿನ ಹಾಗೆ ನೀರು ಕಾಯಿಸಿ ಆರಿಸಿ ಕೊಡತೊಡಗಿದರು. ಎರಡರ ಮೇಲೂ ಕೊಟ್ಟವರ ಹೆಸರು ಮಾತ್ರ ದೊಡ್ಡದಾಗಿ ಬರೆದಿತ್ತು.

ಹೊಸದಕ್ಕೆ ದುಡ್ಡು ಸಿಗುತ್ತದೆ, ಹಳೆಯದನ್ನು ಉಳಿಸಿಕೊಳ್ಳಲು ಸಿಗುವುದಿಲ್ಲ. ನನ್ನ ದೊಡ್ಡ ದೂರು ಇದೇ. ನೂರು ರೂಪಾಯಿ ದಾನ ಮಾಡುವವರು ಎಂಬತ್ತರ ವಸ್ತು ಕೊಟ್ಟು ಇಪ್ಪತ್ತನ್ನು ಅದರ ರಿಪೇರಿಗೆ ಅಂತ ಎತ್ತಿಟ್ಟರೆ, ಆ ವಸ್ತು ಮೂರ್ನಾಲ್ಕು ಪಟ್ಟು ಹೆಚ್ಚು ಕಾಲ ಬಾಳುತ್ತದೆ ಅಂತ ನಾನು ಅನುಭವದಿಂದ ಹೇಳಬಲ್ಲೆ.

ಇನ್ನು ವಸ್ತುವೇ ಬೇಡವಾದ ಕಡೆಗೆ ಬರುತ್ತೇನೆ. ನಮ್ಮಲ್ಲಿ ಈಗ ಜಾಸ್ತಿ ಬೇಕಾಗಿರುವುದು ಮನುಷ್ಯರು.

ಮಲೆನಾಡಿನಲ್ಲಿ ಮನೆಗಳು ಒಂದೇ ಕಡೆ ಇರುವುದಿಲ್ಲ. ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು. ಮಕ್ಕಳು ಓದಿ ಬೆಂಗಳೂರು ಸೇರಿದ್ದಾರೆ. ಇಲ್ಲಿ ಇಬ್ಬರು ವಯಸ್ಸಾದವರು, ಒಂದು ದನ, ಒಂದು ನಾಯಿ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಇನ್ನೊಬ್ಬರು ಒಂಟಿ. ನಮ್ಮ ಕೇರಿಯಿಂದ ಸ್ವಲ್ಪ ದೂರದ ಒಂಟಿ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮಕ್ಕಳಿಲ್ಲ. ಅಡಿಕೆ ಸುಲಿದು ಸುಲಿದು ಬೆರಳ ಗೆರೆಗಳೇ ಸವೆದುಹೋಗಿವೆ, ಬಯೋಮೆಟ್ರಿಕ್ ಯಂತ್ರಕ್ಕೆ ಅವರ ಹೆಬ್ಬೆಟ್ಟು ಗೊತ್ತಾಗುವುದಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿ ನಿಂತುಹೋಗಿತ್ತು. ಯಾಕೆ ನಿಂತಿತು ಅಂತ ಕೇಳಲು ಬಸ್ಸಿನಲ್ಲಿ ಹೋಗಿ ಬರಬೇಕು, ಹೋದರೆ ಸರ್ವರ್ ಇಲ್ಲ ಅನ್ನುತ್ತಾರೆ, ಒಟಿಪಿ ಬರಬೇಕಾದ ಫೋನಿಗೆ ಆ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಅಜ್ಜಿಗೆ ನಾವು ವರ್ಷಕ್ಕೊಮ್ಮೆ ಕಂಬಳಿ ಕೊಡುತ್ತೇವೆ. ಕಂಬಳಿ ಅವರ ಹತ್ತಿರ ಬೇಕಾದಷ್ಟಿದೆ. ಅವರಿಗೆ ಬೇಕಿದ್ದಿದ್ದು ತಾಲ್ಲೂಕು ಕಚೇರಿಗೆ ಜೊತೆಗೆ ಬಂದು, ಕೌಂಟರ್ ಮುಂದೆ ನಿಂತು, ಕೆಲಸ ಮುಗಿಸಿ ಮನೆ ಮುಟ್ಟಿಸುವ ಒಬ್ಬ ಹುಡುಗ ಅಥವಾ ಹುಡುಗಿ.

ಇಂಥ ಕೆಲಸ ಆಗದ್ದೇನಲ್ಲ. ಪಕ್ಕದ ಕೇರಳದಲ್ಲಿ ಮಾಡಿ ತೋರಿಸಿದ್ದಾರೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ನೋವು ಶಮನದ ಒಂದು ಸಣ್ಣ ಚಿಕಿತ್ಸಾ ಕೇಂದ್ರ ಶುರುವಾಯಿತು. ಆಸ್ಪತ್ರೆಗೆ ಬರಲಾಗದೆ ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳಲು ವೈದ್ಯರು, ನರ್ಸ್‌ಗಳಷ್ಟೇ ಸಾಲುವುದಿಲ್ಲ ಅಂತ ಅವರಿಗೆ ಗೊತ್ತಾಯಿತು. ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯವರ ಜಾಲವನ್ನೇ ಕಟ್ಟಿದರು. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡುತ್ತೇನೆ ಅನ್ನುವವರನ್ನು ಸೇರಿಸಿಕೊಂಡರು, 16 ಗಂಟೆಯ ತರಬೇತಿ ಕೊಟ್ಟರು, ಜೊತೆಗೆ ರೋಗಿಗಳ ಹತ್ತಿರ ಕರೆದುಕೊಂಡು ಹೋಗಿ ಕಲಿಸಿದರು. ಅಂಗಡಿಯವರು, ಆಟೋದವರು, ವಿದ್ಯಾರ್ಥಿಗಳು ಎಲ್ಲ ಸೇರಿದರು. ಜನ ಸಣ್ಣ ಸಣ್ಣ ಮೊತ್ತ ಕೊಟ್ಟರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ತಂದಿತು. ವಾರಕ್ಕೆ ಎರಡು ಗಂಟೆ! ನಮ್ಮಲ್ಲಿ ಒಂದು ಸನ್ಮಾನ ಸಮಾರಂಭಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

ನಮಗೆ ಇದು ಹೊಸದೂ ಅಲ್ಲ. ಗದ್ದೆ ನಟ್ಟಿಗೆ, ಮನೆಗೆ ಹುಲ್ಲು ಹೊದಿಸುವುದಕ್ಕೆ ಮುಯ್ಯಾಳು ಹೋಗುತ್ತಿದ್ದ ಊರುಗಳು ಇವು. ಇವತ್ತು ನಾನು ನಿಮ್ಮ ಮನೆಗೆ, ನಾಳೆ ನೀವು ನಮ್ಮ ಮನೆಗೆ. ಯಾರೂ ಯಾರಿಗೂ ಉಪಕಾರ ಮಾಡಿದ ಹಾಗಿರಲಿಲ್ಲ. ಹೆಗ್ಗೋಡಿನಂಥ ಸಣ್ಣ ಹಳ್ಳಿಯಲ್ಲಿ 1949ರಲ್ಲಿ ಶುರುವಾದ ನೀನಾಸಂ ನಾಟಕ ಸಂಸ್ಥೆ ಇಷ್ಟು ವರ್ಷ ನಿಂತಿದ್ದು ಹೇಗೆ? ತೋಟದ ಕೆಲಸ ಮುಗಿಸಿ ಸಂಜೆ ಬಂದು ಕೈಜೋಡಿಸಿದ ಊರಿನವರಿಂದಲೂ ಅಲ್ವಾ?

ಮಂಗನ ಕಾಯಿಲೆಯ ವಿಷಯ ಹೇಳದೆ ಈ ಪತ್ರ ಪೂರ್ತಿಯಾಗುವುದಿಲ್ಲ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಉಣುಗು ಕಚ್ಚಿ ಬರುತ್ತದೆ. ಚಳಿಗಾಲದಲ್ಲಿ ಶುರುವಾಗಿ ಮಳೆ ಹಿಡಿಯುವವರೆಗೆ ಕಾಟ. ಇದಕ್ಕೆಂದೇ ಔಷಧಿಯಿಲ್ಲ, ಹಳೆಯ ಲಸಿಕೆಯನ್ನು ಕೊಡುವುದೂ ನಿಂತಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಾಲು ಸಾಲು ಸಾವಾದಾಗ ರಾಜ್ಯವೇ ಇತ್ತ ತಿರುಗಿ ನೋಡಿತು. ಆಮೇಲೆ ಮರೆಯಿತು. ದರಗು (ಒಣಗಿದ ಎಲೆ) ಗುಡಿಸಲು, ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋಗುವವರು ಮಾತ್ರ ಪ್ರತಿ ವರ್ಷ ಹೋಗುತ್ತಲೇ ಇದ್ದಾರೆ. ಉಣುಗು ಕಚ್ಚದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಡೆಪಾ ತೈಲ ಕೊಡುತ್ತದೆ. ಆಶಾ ಕಾರ್ಯಕರ್ತೆಯರು ಗುಡ್ಡ ಹತ್ತಿ ಇಳಿದು ಹಂಚುತ್ತಾರೆ. ಆದರೆ ಬಾಟಲಿ ಮನೆಗೆ ಬಂದರೆ ಸಾಕೇ? ವಾಸನೆ, ಜಿಡ್ಡು ಅಂತ ಹಚ್ಚಿಕೊಳ್ಳದೆ ದೇವರ ಗೂಡಿನ ಪಕ್ಕ ಇಟ್ಟವರನ್ನು ನಾನು ನೋಡಿದ್ದೇನೆ. ವಾರಕ್ಕೊಮ್ಮೆ ಮನೆಗೆ ಬಂದು, ಹಚ್ಚಿಕೊಂಡಿರಾ, ಜ್ವರ ಇದೆಯಾ, ಹತ್ತಿರದಲ್ಲಿ ಎಲ್ಲಾದರೂ ಮಂಗ ಸತ್ತಿದೆಯಾ ಅಂತ ವಿಚಾರಿಸಿ ಆಶಾ ಅವರಿಗೆ ತಿಳಿಸುವ ಜನ ಬೇಕು. ಜ್ವರ ಬಂದ ತಕ್ಷಣ ರಕ್ತ ಪರೀಕ್ಷೆಗೆ ಕರೆದೊಯ್ಯಲು ಒಂದು ಗಾಡಿ ಬೇಕು. ಇದಕ್ಕೆ ತಗಲುವ ಖರ್ಚು ಎಷ್ಟು? ಪೆಟ್ರೋಲ್ ದುಡ್ಡು. ಇದರಿಂದ ಉಳಿಯುವುದು ಜೀವ.

ರಕ್ತದಾನದ್ದೂ ಇದೇ ಕಥೆ. ನಾಯಕರ ಹುಟ್ಟುಹಬ್ಬಕ್ಕೆ, ಸಂಘದ ವಾರ್ಷಿಕೋತ್ಸವಕ್ಕೆ ದೊಡ್ಡ ಶಿಬಿರ ಮಾಡುತ್ತೀರಿ. ಸಂತೋಷ. ಆದರೆ ತೆಗೆದ ರಕ್ತ 35ರಿಂದ 42 ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ಪ್ಲೇಟ್‌ಲೆಟ್ ಐದೇ ದಿನ. ಗಂಡಸರು ಒಮ್ಮೆ ಕೊಟ್ಟರೆ ಮತ್ತೆ ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಎಲ್ಲರೂ ಒಂದೇ ವಾರ ಕೊಟ್ಟುಬಿಟ್ಟರೆ ಮುಂದಿನ ತಿಂಗಳುಗಳಲ್ಲಿ ಕೊಡುವವರು ಯಾರು? ಬೇಸಿಗೆಯಲ್ಲಿ ಕಾಲೇಜಿಗೆ ರಜೆ, ಶಿಬಿರಗಳೂ ಇರುವುದಿಲ್ಲ. ಆಗ ಹೆರಿಗೆಗೆ ಅಂತ ಶಿವಮೊಗ್ಗಕ್ಕೆ ಹೋದವರ ಕಡೆಯವರು ಸಿಕ್ಕಸಿಕ್ಕವರಿಗೆ ಫೋನ್ ಮಾಡುವುದನ್ನು ಕೇಳಿದ್ದೇನೆ. ನಿಮ್ಮ ಸಂಘದ ಸದಸ್ಯರನ್ನು ತಿಂಗಳಿಗಿಷ್ಟು ಜನ ಅಂತ ಹಂಚಿಕೊಂಡು, ರಕ್ತನಿಧಿಯವರ ಜೊತೆ ಮಾತಾಡಿ, ಅವರು ಕರೆದಾಗ ಹೋಗಿ ಕೊಟ್ಟರೆ ಶಾಮಿಯಾನವೂ ಬೇಡ, ಸರ್ಟಿಫಿಕೇಟೂ ಬೇಡ.

ಗಿಡ ನೆಡುವ ಕಾರ್ಯಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜುಲೈನಲ್ಲಿ ನೆಟ್ಟ ಗಿಡವನ್ನು ಮಾರ್ಚ್‌ನಲ್ಲಿ ಬಂದು ನೋಡಿ. ಬೇಲಿ ಇಲ್ಲದಿದ್ದರೆ ದನ ಮೇಯುತ್ತದೆ, ಮೊದಲ ಎರಡು ಬೇಸಿಗೆ ನೀರಿಲ್ಲದಿದ್ದರೆ ಒಣಗುತ್ತದೆ. ನೂರು ನೆಡುವ ಬದಲು ಹತ್ತು ನೆಟ್ಟು ಉಳಿಸಿ.

ಸರಿಯಾಗಿ ಮಾಡಿದವರೂ ನಮ್ಮ ನಾಡಿನಲ್ಲೇ ಇದ್ದಾರೆ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಪಯಸ್ವಿನಿ ಹೊಳೆಗೆ ಅರಂಬೂರಿನಲ್ಲಿ ತೂಗುಸೇತುವೆ ಕಟ್ಟಿದ್ದು ಊರಿನವರು ಬಂದು ಕೇಳಿದ್ದರಿಂದ. ಆಮೇಲೆ ಅವರು ಕಟ್ಟಿದ ಸೇತುವೆಗಳು ನೂರು ದಾಟಿದವು, 2017ರಲ್ಲಿ ಪದ್ಮಶ್ರೀ ಬಂತು. ಇನ್ನೊಂದು ಉದಾಹರಣೆ ಶಾಲೆಯ ಮೊಟ್ಟೆ. ವಾರಕ್ಕೆ ಎರಡು ದಿನ ಸರ್ಕಾರ ಕೊಡುತ್ತಿತ್ತು. ಉಳಿದ ನಾಲ್ಕು ದಿನಕ್ಕೆ ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ಮೂರು ವರ್ಷದ ಒಪ್ಪಂದ ಮಾಡಿಕೊಂಡು ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು. ಮೊತ್ತ ದೊಡ್ಡದು, ಆದರೆ ನಾನು ಗಮನಿಸಿದ್ದು ರೀತಿಯನ್ನು. ಹೊಸ ಅಡುಗೆಮನೆ ಕಟ್ಟಲಿಲ್ಲ, ಬೇರೆ ಜನರನ್ನು ಕರೆತರಲಿಲ್ಲ. ಇರುವ ಬಿಸಿಯೂಟದ ಒಲೆಯ ಮೇಲೆ, ಇರುವ ಅಡುಗೆಯವರ ಕೈಯಲ್ಲೇ ಆ ಮೊಟ್ಟೆ ಬೇಯುತ್ತದೆ. ಮಕ್ಕಳು ಸಾಲಾಗಿ ಕೂತು ಯಾರಿಗೂ ಕಾಯಬೇಕಿಲ್ಲ. ನೆರವು ಹೀಗಿರಬೇಕು.

ದೊಡ್ಡ ಕಂಪನಿಗಳಿಂದ ಯಾಕೆ ಕೇಳಬಾರದು ಅಂತ ಕೆಲವರು ಅನ್ನುತ್ತಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಲಾಭದ ಶೇಕಡಾ 2ರಷ್ಟನ್ನು ದೊಡ್ಡ ಕಂಪನಿಗಳು ಸಮಾಜಕ್ಕೆ ಖರ್ಚು ಮಾಡಬೇಕು, ನಿಜ. ಆದರೆ ತಮ್ಮ ಕೆಲಸ ನಡೆಯುವ ಸುತ್ತಮುತ್ತಲಿನ ಊರಿಗೆ ಆದ್ಯತೆ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಹೊಸನಗರ, ತೀರ್ಥಹಳ್ಳಿಯ ಕಾಡಿನ ನಡುವೆ ಅಂಥ ಕಾರ್ಖಾನೆಗಳು ಎಲ್ಲಿವೆ? ಶರಾವತಿಯ ವಿದ್ಯುತ್ ಯೋಜನೆಗಾಗಿ 60 ವರ್ಷದ ಹಿಂದೆ ಮನೆ ಮಠ ಮುಳುಗಿಸಿಕೊಂಡವರ ಊರುಗಳು ಇವು. ನಮಗೆ ಸಿಗುವುದು ಹೆಚ್ಚಾಗಿ ನಿಮ್ಮಂಥವರ ದುಡ್ಡೇ. ಅದಕ್ಕೇ ಅದು ಪೋಲಾದಾಗ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನನ್ನ ಬೇಡಿಕೆಗಳನ್ನು ಕೇಳಿ.

ಸಂಘ ಸಂಸ್ಥೆಗಳವರೇ, ಏನು ಕೊಡಬೇಕು ಅಂತ ನಿಮ್ಮ ಸಭೆಯಲ್ಲಿ ನಿರ್ಧರಿಸಿಕೊಂಡು ಬರಬೇಡಿ. ಮೊದಲು ಖಾಲಿ ಕೈಯಲ್ಲಿ ಬನ್ನಿ. ಮುಖ್ಯ ಶಿಕ್ಷಕರನ್ನು ಮಾತ್ರವಲ್ಲ, ಅಡುಗೆಯವರನ್ನು, ಅಂಗನವಾಡಿ ಟೀಚರನ್ನು, ಆಶಾ ಅವರನ್ನು, ಶಾಲಾಭಿವೃದ್ಧಿ ಸಮಿತಿಯಲ್ಲಿರುವ (ಎಸ್‌ಡಿಎಂಸಿ) ತಾಯಂದಿರನ್ನು ಕೇಳಿ. ಮುಖ್ಯ ಶಿಕ್ಷಕರು ಬೇಡ ಅನ್ನುವುದಿಲ್ಲ. ಈಗ ಬೇಡ ಅಂದರೆ ಮುಂದೆ ಏನೂ ಸಿಗದು ಅನ್ನುವ ಭಯ ಅವರಿಗೆ. ಒಂದು ಊರನ್ನು ಹಿಡಿದರೆ ಮೂರು ವರ್ಷ ಬಿಡಬೇಡಿ. ಪ್ರತಿ ವರ್ಷ ಹೊಸ ಊರು, ಹೊಸ ಪ್ರಾಜೆಕ್ಟ್ ಅನ್ನುವ ನಿಮ್ಮ ಪದ್ಧತಿಯನ್ನು ಬದಲಿಸಿ. ಅಧ್ಯಕ್ಷರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಊರಿನ ಕಷ್ಟ ಬದಲಾಗುವುದಿಲ್ಲ. ಮಕ್ಕಳ ಮುಖದ ಫೋಟೋ ಹಾಕಬೇಡಿ. ಅವರೂ ನಾಳೆ ದೊಡ್ಡವರಾಗುತ್ತಾರೆ, ಕೈಯೊಡ್ಡಿ ನಿಂತ ತಮ್ಮ ಚಿತ್ರವನ್ನು ನೋಡುತ್ತಾರೆ.

ಬೆಂಗಳೂರಿನಲ್ಲಿರುವವರೇ, ನಿಮಗೆ ಪದೇಪದೇ ಬರಲು ಆಗದು, ಗೊತ್ತು. ಹಾಗಿದ್ದರೆ ಇಲ್ಲೇ ಇರುವ ಒಬ್ಬರಿಗೆ ಸಂಬಳ ಕೊಡಿ. ಹತ್ತು ಮನೆಯವರು ಸೇರಿ ತಿಂಗಳಿಗೆ ಸ್ವಲ್ಪ ಸ್ವಲ್ಪ ಹಾಕಿದರೂ ಊರಿನ ಒಬ್ಬ ಹೆಣ್ಣುಮಗಳಿಗೆ ಕೆಲಸವಾಗುತ್ತದೆ. ಒಂಟಿ ಮನೆಗಳಿಗೆ ಹೋಗಿ ಬಿಪಿ ಮಾತ್ರೆ ಮುಗಿದಿದೆಯಾ ನೋಡುವುದು, ಪಿಂಚಣಿಯ ಕಾಗದ ಮಾಡಿಸುವುದು, ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯವರೆಗೆ ಜೊತೆಗೆ ಹೋಗುವುದು. ಸಂಬಳಕ್ಕೆ ಕೊಟ್ಟ ದುಡ್ಡು ದಾನವಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಹಬ್ಬಕ್ಕೆ ಬಂದಾಗ ನಿಮ್ಮಲ್ಲಿ ಕಂಪ್ಯೂಟರ್ ಗೊತ್ತಿರುವವರು ಶಾಲೆಯಲ್ಲಿ ಅರ್ಧ ದಿನ ಕೂತು ಕೆಟ್ಟಿದ್ದನ್ನು ಸರಿ ಮಾಡಿಕೊಡಿ.

ಕಾಲೇಜುಗಳ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದವರಿಗೂ ಒಂದು ಮಾತು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಏಳು ದಿನದ ವಿಶೇಷ ಶಿಬಿರ ನಿಮ್ಮ ಲೆಕ್ಕದಲ್ಲಿದೆ. ಆ ಅಷ್ಟೂ ಗಂಟೆಯನ್ನು ಒಂದೇ ಊರಿಗೆ ಕೊಟ್ಟು ನೋಡಿ. ಶಿಬಿರದಲ್ಲಿ ಹಳ್ಳಿಯ ರಸ್ತೆ ಗುಡಿಸಿ ಹೋದರೆ ಮರುದಿನ ಎಲೆ ಮತ್ತೆ ಬಿದ್ದಿರುತ್ತದೆ. ಅದರ ಬದಲು ಮಳೆಗಾಲಕ್ಕೆ ಮೊದಲು ಊರಿನ ಪ್ರತಿ ಕಾಲುಸಂಕವನ್ನು ನೋಡಿ, ಯಾವುದು ಗಟ್ಟಿ, ಯಾವುದು ಕೊಳೆತಿದೆ, ಎಷ್ಟು ಮಕ್ಕಳು ದಾಟುತ್ತಾರೆ ಅಂತ ಬರೆದು ಪಂಚಾಯಿತಿಗೆ ಕೊಡಿ. ಸರಳ ಕೆಲಸ, ನಮ್ಮ ಕಡೆ ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ.

ಮಾನ್ಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳೇ, ನಿಮ್ಮಿಂದ ದುಡ್ಡು ಕೇಳುತ್ತಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯೂ ಗ್ರಾಮಸಭೆಯಲ್ಲಿ ಕೇಳಿ ಒಂದು ಪಟ್ಟಿ ಮಾಡಲಿ: ಯಾವ ಶಾಲೆಗೆ ಏನು ಬೇಕು, ಏನು ಬೇಡ, ಯಾವ ಮನೆಯಲ್ಲಿ ವಯಸ್ಸಾದವರು ಒಂಟಿಯಾಗಿದ್ದಾರೆ, ಎಲ್ಲಿ ಸಂಕ ಬೇಕು. ಮನೆಯವರ ವಿವರ ಪಂಚಾಯಿತಿಯಲ್ಲೇ ಇರಲಿ, ಉಳಿದದ್ದನ್ನು ಬೋರ್ಡ್ ಮೇಲೆ ಹಾಕಲಿ. ದಾನಿಗಳು ಬಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆ ಪಟ್ಟಿ ಮುಂದಿಡಲಿ. ಕೊಟ್ಟ ವಸ್ತು ವರ್ಷದ ನಂತರ ಹೇಗಿದೆ ಅಂತ ಅದೇ ಪಟ್ಟಿಯಲ್ಲಿ ಬರೆದು ಕೊಟ್ಟವರಿಗೆ ಕಳಿಸಲಿ. ಬೇಡದ ವಸ್ತುವನ್ನು ಬೇಡ ಅನ್ನುವ ಧೈರ್ಯ ಮುಖ್ಯ ಶಿಕ್ಷಕರಿಗೆ ಬರಬೇಕಾದರೆ ಶಿಕ್ಷಣ ಇಲಾಖೆಯಿಂದ ಒಂದು ಸುತ್ತೋಲೆ ಹೊರಡಬೇಕು. ಶಾಲಾ ಅವಧಿಯಲ್ಲಿ ವಿತರಣಾ ಸಮಾರಂಭ ಮಾಡಬಾರದು ಅಂತಲೂ ಅದರಲ್ಲಿ ಸೇರಿಸಿ. ಮತ್ತು ಮಂಗನ ಕಾಯಿಲೆಯ ಕಾಲ ಶುರುವಾಗುವ ಮೊದಲು, ನವೆಂಬರ್ ಒಳಗೆ, ಸಂಘ ಸಂಸ್ಥೆಗಳನ್ನೂ ಆಶಾ ಕಾರ್ಯಕರ್ತೆಯರನ್ನೂ ತಾಲ್ಲೂಕು ಮಟ್ಟದಲ್ಲಿ ಒಟ್ಟಿಗೆ ಕೂರಿಸಿ ಒಂದು ಸಭೆ ಮಾಡಿ. ವೇದಿಕೆ, ಹಾರ ಏನೂ ಬೇಡ. ನೆಲದ ಮೇಲೆ ಕೂತು ಮಾತಾಡೋಣ. ಆಶಾ ಅವರು ಮೊದಲು ಮಾತಾಡಲಿ, ನಾವು ಆಮೇಲೆ.

ನಮ್ಮ ಪಂಚಾಯಿತಿಯ ಪಟ್ಟಿ ಮಾಡಲು ನಾನು ತಯಾರಿದ್ದೇನೆ. ನಿವೃತ್ತರಾದ ನನ್ನ ಕೆಲವು ಸಹೋದ್ಯೋಗಿಗಳೂ ಜೊತೆಗೆ ಬರುತ್ತೇವೆ ಅಂದಿದ್ದಾರೆ. ಪಟ್ಟಿಯ ನಮೂನೆ ಯಾವ ರೀತಿ ಇರಬೇಕು, ಯಾರ ಕೈಗೆ ಕೊಡಬೇಕು ಅನ್ನುವುದನ್ನು ಪಂಚಾಯಿತಿಗೆ ತಿಳಿಸಿದರೆ ಸಾಕು, ನಾವು ಕೆಲಸ ಶುರು ಮಾಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ